ಮುಪ್ಪಿನಲ್ಲಿ ಆಸರೆ ಮತ್ತು ಮನಸ್ಸಿನ ಆರೋಗ್ಯ

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಮನೆಯ ಹಿರಿಯರೊಬ್ಬರು ಮಾತು ಕಡಿಮೆ ಮಾಡಿದರೆ, ಊಟ ಸೇರದೆಂದು ತಟ್ಟೆಯನ್ನು ಸರಿಸಿದರೆ, ನಡುರಾತ್ರಿಯಲ್ಲಿ ಎದ್ದು ಕುಳಿತರೆ, ಇಟ್ಟ ವಸ್ತುವನ್ನು ಮರೆತರೆ, ಈ ಗಾದೆಯನ್ನು ಹೇಳಿ ಸುಮ್ಮನಾಗುವುದು ವಾಡಿಕೆ. ಗಾದೆಗಳಲ್ಲಿ ಅನುಭವದ ಸಾರವಿದೆ ಎಂಬುದು ನಿಜವೇ. ಆದರೆ ಈ ಒಂದು ಗಾದೆ ಎಷ್ಟೋ ಹಿರಿಯರಿಗೆ ಸಲ್ಲಬೇಕಾಗಿದ್ದ ಮದ್ದನ್ನೂ ಸಮಾಧಾನದ ಮಾತನ್ನೂ ತಪ್ಪಿಸಿದೆ ಎಂದರೆ ಉತ್ಪ್ರೇಕ್ಷೆಯಾಗದು. ರೋಗವನ್ನು ವಯಸ್ಸೆಂದು ಕರೆದ ಮೇಲೆ ಚಿಕಿತ್ಸೆಯ ಪ್ರಶ್ನೆಯೇ ಏಳುವುದಿಲ್ಲವಷ್ಟೆ.

ಮುಪ್ಪಿನಲ್ಲಿ ಮನಸ್ಸು ಕುಗ್ಗುವುದು ವಯಸ್ಸಿನ ಸಹಜ ಧರ್ಮವೇ? ಸುತ್ತಲಿನ ಜನರ ಆಸರೆಗೂ ಅದಕ್ಕೂ ಸಂಬಂಧವೇನು? ಸರ್ಕಾರವೂ ಸಮಾಜವೂ ಹಿರಿಯರಿಗೆ ಒದಗಿಸಬೇಕಾದ ಸೇವೆಗಳು ಯಾವುವು? ಮೊದಲನೆಯ ಪ್ರಶ್ನೆಯನ್ನು ವೈದ್ಯರೂ, ಎರಡನೆಯದನ್ನು ಸಮಾಜಶಾಸ್ತ್ರಜ್ಞರೂ, ಮೂರನೆಯದನ್ನು ಅಧಿಕಾರಿಗಳೂ ತಮ್ಮ ತಮ್ಮ ಪಾಲಿಗೆ ಹಂಚಿಕೊಂಡಿದ್ದಾರೆ. ಆದರೆ ಹಿರಿಯರ ಬಾಳಿನಲ್ಲಿ ಈ ಮೂರೂ ಒಂದೇ ಗಂಟಿನ ಎಳೆಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಎಳೆದರೆ ಗಂಟು ಬಿಗಿಯುವುದೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ನಡೆದಿರುವ ಸಂಶೋಧನೆಗಳ ಬೆಳಕಿನಲ್ಲಿ ಇದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

೧. ಹಿರಿಯರ ಸಂಖ್ಯೆ

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯನ ಸರಾಸರಿ ಆಯುಷ್ಯ ಸುಮಾರು ೩೨ ವರ್ಷ. ಈಗ ಅದು ೭೦ರ ಸುಮಾರಿಗೆ ಏರಿದೆ. ಸಿಡುಬು ಅಳಿಯಿತು, ಪ್ಲೇಗು, ಕಾಲರಾಗಳ ಹಾವಳಿ ಅಡಗಿತು, ಹೆರಿಗೆಯಲ್ಲೂ ಎಳವೆಯಲ್ಲೂ ಸಾವು ಕಡಿಮೆಯಾಯಿತು. ಇದು ದೇಶ ಹೆಮ್ಮೆಪಡಬೇಕಾದ ಸಾಧನೆ. ಇದರ ಫಲವಾಗಿಯೇ ೨೦೧೧ರ ಜನಗಣತಿಯಲ್ಲಿ ಅರವತ್ತು ತುಂಬಿದವರ ಸಂಖ್ಯೆ ಸುಮಾರು ೧೦ ಕೋಟಿ ೩೮ ಲಕ್ಷವಾಗಿತ್ತು. ಒಟ್ಟು ಜನರಲ್ಲಿ ನೂರಕ್ಕೆ ೮.೬. ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಸ್ವಲ್ಪ ಹೆಚ್ಚು, ನೂರಕ್ಕೆ ಸುಮಾರು ೯.೫.

ಒಂದು ಕಡೆ ಹಿರಿಯರು ಹೆಚ್ಚುತ್ತಿರುವಾಗ ಇನ್ನೊಂದು ಕಡೆ ಅವರನ್ನು ನೋಡಿಕೊಳ್ಳಬೇಕಾದ ಕೈಗಳು ಕಡಿಮೆಯಾಗುತ್ತಿವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಹುಟ್ಟುವ ಮಕ್ಕಳ ಸರಾಸರಿ ೧.೭. ಹಿಂದೆ ಐದಾರು ಮಕ್ಕಳಲ್ಲಿ ಒಬ್ಬನಾದರೂ ಊರಿನಲ್ಲಿ ಉಳಿಯುತ್ತಿದ್ದ. ಈಗ ಇರುವ ಒಬ್ಬಿಬ್ಬರೂ ಓದಿಗೋ ಉದ್ಯೋಗಕ್ಕೋ ಬೆಂಗಳೂರು ಸೇರುತ್ತಾರೆ. ಇದಲ್ಲದೆ ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಮದುವೆಯಾಗುವಾಗ ಗಂಡನಿಗಿಂತ ಚಿಕ್ಕವರಾಗಿರುತ್ತಾರೆ. ಆದಕಾರಣ ಅರವತ್ತು ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿಧವೆಯರು. ಗಂಡಸರಲ್ಲಿ ಹೆಂಡತಿಯನ್ನು ಕಳೆದುಕೊಂಡವರು ಆರರಲ್ಲಿ ಒಬ್ಬರು. ನಮ್ಮ ದೇಶದಲ್ಲಿ ಮುಪ್ಪಿನ ಪ್ರಶ್ನೆಯೆಂದರೆ ಬಹುಮಟ್ಟಿಗೆ ಅಜ್ಜಿಯರ ಪ್ರಶ್ನೆ ಎಂಬುದನ್ನು ಮರೆಯುವಂತಿಲ್ಲ.

೨. ಒಂಟಿ ವಾಸ ಬೇರೆ, ಒಂಟಿತನ ಬೇರೆ

‘ಒಂಟಿತನ ಪಾಶ್ಚಾತ್ಯರ ರೋಗ, ನಮ್ಮದು ಕೂಡುಕುಟುಂಬದ ನಾಡು, ನಮಗೆ ಆ ಬಾಧೆಯಿಲ್ಲ’ ಎಂದು ಹೇಳುವವರುಂಟು. ಮೇಲ್ನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ೨೦೧೭–೧೮ರಲ್ಲಿ ದೇಶದಾದ್ಯಂತ ೪೫ ವರ್ಷ ಮೀರಿದ ಸುಮಾರು ೭೨ ಸಾವಿರ ಜನರನ್ನು ಕಂಡು ಮಾತನಾಡಿಸಿ ಒಂದು ದೊಡ್ಡ ಅಧ್ಯಯನ ನಡೆಸಿತು. ‘ಲಾಸಿ’ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಇದರ ವರದಿ ೨೦೨೧ರಲ್ಲಿ ಹೊರಬಂದಿತು. ಅದರ ಪ್ರಕಾರ ಅರವತ್ತು ದಾಟಿದವರಲ್ಲಿ ಒಬ್ಬರೇ ವಾಸಿಸುವವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಉಳಿದವರಲ್ಲಿ ಬಹುತೇಕರು ಗಂಡನೊಡನೆಯೋ ಹೆಂಡತಿಯೊಡನೆಯೋ ಮಕ್ಕಳೊಡನೆಯೋ ಇದ್ದಾರೆ.

ಆದರೆ ಜೊತೆಯಲ್ಲಿ ಇರುವುದಕ್ಕೂ ಜೊತೆ ಇದೆಯೆನಿಸುವುದಕ್ಕೂ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ವಿಂಗಡಿಸಿದವರಲ್ಲಿ ಇಂಗ್ಲೆಂಡಿನ ಪೀಟರ್ ಟೌನ್‌ಸೆಂಡ್ ಮುಖ್ಯರು. ಅವರು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಕೆಲಸಗಾರರ ಬಡಾವಣೆಯಲ್ಲಿ ೨೦೩ ಮಂದಿ ವೃದ್ಧರ ಮನೆಗಳಿಗೆ ಹೋಗಿ, ಅವರ ನಿತ್ಯಜೀವನವನ್ನು ಕೇಳಿ ತಿಳಿದು, ೧೯೫೭ರಲ್ಲಿ ವೃದ್ಧರ ಕುಟುಂಬಜೀವನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಜನಸಂಪರ್ಕ ಕಡಿಮೆಯಿರುವುದು ಹೊರಗಿನಿಂದ ಎಣಿಸಬಹುದಾದ ಸ್ಥಿತಿ. ಒಂಟಿತನ ಒಳಗಿನ ಬೇಗೆ. ಎರಡೂ ಒಂದೇ ಅಲ್ಲವೆಂಬುದು ಅವರ ನಿರ್ಣಯ. ವರ್ಷಗಟ್ಟಲೆ ಒಬ್ಬರೇ ಇದ್ದು ಅದಕ್ಕೆ ಹೊಂದಿಕೊಂಡವರಲ್ಲಿ ಕೆಲವರಿಗೆ ಒಂಟಿತನ ತಟ್ಟಿರಲಿಲ್ಲ. ಬಂಧುಬಳಗದ ನಡುವೆಯೇ ಇದ್ದು, ಇತ್ತೀಚೆಗೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ಹತ್ತಿರದವರು ದೂರ ಹೋದವರು ತಾವು ಒಂಟಿಯೆಂದು ಹೇಳಿದರು. ಒಂಟಿತನಕ್ಕೆ ಜನರ ಕೊರತೆಗಿಂತಲೂ ಒಂದು ಜೀವದ ಅಗಲಿಕೆಯೇ ಹೆಚ್ಚಿನ ಕಾರಣವೆಂದು ಅವರು ಕಂಡುಕೊಂಡರು.

ಈ ಮಾತು ಲಂಡನ್ನಿಗೆ ಎಷ್ಟು ನಿಜವೋ ನಮ್ಮ ಹಳ್ಳಿಗಳಿಗೂ ಅಷ್ಟೇ ನಿಜ. ಮನೆ ತುಂಬ ಜನ. ಮಗ ಬೆಳಗ್ಗೆ ಹೋಗಿ ರಾತ್ರಿ ಬರುವವನು. ಸೊಸೆಗೆ ಬಿಡುವಿಲ್ಲದ ಕೆಲಸ. ಮೊಮ್ಮಕ್ಕಳ ಕಣ್ಣು ಮೊಬೈಲಿನಲ್ಲಿ. ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ, ಮಾತ್ರೆಯೂ ಬರುತ್ತದೆ. ‘ಅಜ್ಜಿ, ರಾತ್ರಿ ನಿದ್ದೆ ಬಂತೇನು?’ ಎಂದು ಕೇಳುವವರು ಮಾತ್ರ ಬರುವುದಿಲ್ಲ. ಇಂಥ ಅಜ್ಜಿ ಜನಗಣತಿಯ ಲೆಕ್ಕದಲ್ಲಿ ಕುಟುಂಬದ ಆಸರೆಯುಳ್ಳವರು. ಆದಕಾರಣವೇ ಯಾವ ಸೇವೆಯ ಪಟ್ಟಿಯಲ್ಲೂ ಅವರ ಹೆಸರಿರುವುದಿಲ್ಲ.

೩. ಆಸರೆ ಎಂದರೇನು?

ಆಸರೆ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಶಾಸ್ತ್ರಜ್ಞರು ಅದನ್ನು ಬಿಡಿಸಿ ನೋಡಿದ್ದಾರೆ. ಅಮೆರಿಕದ ವೈದ್ಯ ಸಿಡ್ನಿ ಕಾಬ್ ೧೯೭೬ರಲ್ಲಿ ಬರೆದ ಪ್ರಬಂಧದಲ್ಲಿ ಆಸರೆಯನ್ನು ಮನುಷ್ಯನಲ್ಲಿ ಹುಟ್ಟುವ ಮೂರು ನಂಬಿಕೆಗಳಾಗಿ ವಿವರಿಸಿದರು: ನನ್ನನ್ನು ಪ್ರೀತಿಸುವವರಿದ್ದಾರೆ, ನನಗೆ ಬೆಲೆ ಕೊಡುವವರಿದ್ದಾರೆ, ಪರಸ್ಪರ ಹೊಣೆಯಿರುವ ಬಳಗಕ್ಕೆ ನಾನು ಸೇರಿದವನು. ಮೂರನೆಯ ನಂಬಿಕೆಯಲ್ಲಿ ಬಂದಿರುವ ‘ಪರಸ್ಪರ’ ಎಂಬ ಪದವನ್ನು ವಾಚಕರು ಗಮನಿಸಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಜೇಮ್ಸ್ ಹೌಸ್ ಎಂಬ ಸಮಾಜಶಾಸ್ತ್ರಜ್ಞರು ೧೯೮೧ರಲ್ಲಿ ಆಸರೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕೂತು ಕಷ್ಟಸುಖ ಕೇಳುವುದು ಮನಸ್ಸಿನ ಆಸರೆ. ನೀರು ತಂದುಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಹಣ ಕೊಡುವುದು ಕೈಯಾಸರೆ. ಪಿಂಚಣಿಗೆ ಎಲ್ಲಿ ಅರ್ಜಿ ಹಾಕಬೇಕು, ಕಣ್ಣಿನ ಪೊರೆಗೆ ಎಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂದು ಹೇಳುವುದು ತಿಳಿವಳಿಕೆಯ ಆಸರೆ. ತನ್ನ ನಡೆನುಡಿ ಸರಿಯಾಗಿದೆಯೇ ಎಂದು ತೂಗಿ ನೋಡಿಕೊಳ್ಳಲು ನೆರವಾಗುವ ಅಭಿಪ್ರಾಯ ನಾಲ್ಕನೆಯದು. ಈ ಬಾರಿ ರಾಗಿಯನ್ನು ಯಾವಾಗ ಬಿತ್ತೋಣವೆಂದು ತಾತನನ್ನು ಕೇಳಿ, ಬೆಳೆ ಬಂದ ಮೇಲೆ ‘ನೀವು ಹೇಳಿದ್ದು ಸರಿಯಾಯಿತು’ ಎಂದು ಬಂದು ತಿಳಿಸುವುದು ಈ ಜಾತಿಗೆ ಸೇರಿದ್ದು. ನಮ್ಮ ಮನೆಗಳಲ್ಲಿ ಕೈಯಾಸರೆಗೆ ಅಷ್ಟಾಗಿ ಕೊರತೆಯಿಲ್ಲ. ಉಳಿದ ಮೂರರಲ್ಲಿ ಕೊರತೆ ಬೀಳುತ್ತದೆ.

ರಾಬರ್ಟ್ ಕಾನ್ ಮತ್ತು ಟೋನಿ ಆಂಟನೂಚಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೯೮೦ರಲ್ಲಿ ಮನುಷ್ಯನ ಆಪ್ತಬಳಗವನ್ನು ಬೆಂಗಾವಲಿಗೆ ಹೋಲಿಸಿದರು. ಪರಿಷೆಗೆ ಹೊರಟ ಗಾಡಿಗಳ ಸಾಲಿನಂತೆ ಈ ಬಳಗ ನಮ್ಮೊಡನೆ ಬಾಳಿನುದ್ದಕ್ಕೂ ಸಾಗುತ್ತದೆ. ಎಳವೆಯಲ್ಲಿ ಗಾಡಿಗಳು ಬಂದು ಸೇರುತ್ತವೆ. ಮುಪ್ಪಿನಲ್ಲಿ ಒಂದೊಂದಾಗಿ ಕವಲುದಾರಿ ಹಿಡಿಯುತ್ತವೆ. ಎಂಬತ್ತರ ವೃದ್ಧರನ್ನು ಏಕವಚನದಲ್ಲಿ ಕರೆಯಬಲ್ಲ ಗೆಳೆಯ ಊರಿನಲ್ಲಿ ಒಬ್ಬನೂ ಉಳಿದಿರುವುದಿಲ್ಲ. ಮಕ್ಕಳು ಎಷ್ಟೇ ಒಳ್ಳೆಯವರಾದರೂ ಆ ಸ್ಥಾನವನ್ನು ತುಂಬಲಾರರು.

೪. ಆಸರೆ ಮತ್ತು ಆಯುಷ್ಯ

ಆಸರೆಯಿದ್ದರೆ ಮನಸ್ಸಿಗೆ ಹಿತವೆಂಬುದನ್ನು ಹೇಳಲು ಸಂಶೋಧನೆ ಬೇಕೆ ಎಂದು ಕೆಲವರು ಕೇಳಬಹುದು. ಆದರೆ ಅದು ಪ್ರಾಣವನ್ನೇ ಉಳಿಸುತ್ತದೆಂಬುದು ಲೆಕ್ಕ ಹಾಕಿ ನೋಡಿದ ಮೇಲೆಯೇ ತಿಳಿದ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಅಲಮೇಡ ಎಂಬ ಜಿಲ್ಲೆಯಲ್ಲಿ ೧೯೬೫ರಿಂದ ೬,೯೨೮ ವಯಸ್ಕರನ್ನು ಒಂಬತ್ತು ವರ್ಷ ಕಾಲ ಗಮನಿಸಲಾಯಿತು. ಮದುವೆ, ಬಂಧುಮಿತ್ರರು, ಧಾರ್ಮಿಕ ಸಂಸ್ಥೆ, ಇತರ ಸಂಘಗಳು ಎಂಬ ನಾಲ್ಕು ನಂಟುಗಳನ್ನು ಎಣಿಸಿ, ಲೀಸಾ ಬರ್ಕ್‌ಮನ್ ಮತ್ತು ಲೆನರ್ಡ್ ಸೈಮ್ ೧೯೭೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಂಟು ಅತಿ ಕಡಿಮೆಯಿದ್ದವರಲ್ಲಿ, ನಂಟು ಹೆಚ್ಚಿದ್ದವರಿಗಿಂತ ಸಾವಿನ ಪ್ರಮಾಣ ಗಂಡಸರಲ್ಲಿ ೨.೩ ಪಟ್ಟು, ಹೆಂಗಸರಲ್ಲಿ ೨.೮ ಪಟ್ಟು ಹೆಚ್ಚಾಗಿತ್ತು. ಬೀಡಿ ಸಿಗರೇಟು, ಕುಡಿತ, ಮೊದಲೇ ಇದ್ದ ಅನಾರೋಗ್ಯ ಮುಂತಾದುವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ೨೦೧೦ರಲ್ಲಿ ಇಂಥ ೧೪೮ ಅಧ್ಯಯನಗಳನ್ನು, ಎಂದರೆ ಮೂರು ಲಕ್ಷಕ್ಕೂ ಮೀರಿದ ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗ, ಬಲವಾದ ನಂಟುಳ್ಳವರು ಬದುಕುಳಿಯುವ ಸಂಭವ ಉಳಿದವರಿಗಿಂತ ಒಂದೂವರೆ ಪಟ್ಟಿನಷ್ಟಿದೆಯೆಂದು ಕಂಡುಬಂದಿತು.

ಇದು ಹೇಗೆ ಸಾಧ್ಯ? ೧೯೮೫ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಇದಕ್ಕೆ ಎರಡು ಮಾರ್ಗಗಳನ್ನು ತೋರಿಸಿದರು. ಬಳಗದಲ್ಲಿ ಒಬ್ಬರಾಗಿ ಬೆರೆತಿರುವುದು ದಿನನಿತ್ಯದ ಅನ್ನದ ಹಾಗೆ. ಕಷ್ಟವಿರಲಿ ಇಲ್ಲದಿರಲಿ, ಅದು ಒಳಿತನ್ನೇ ಮಾಡುತ್ತದೆ. ಬೇಕಾದಾಗ ನೆರವಿಗೆ ಬರುವವರಿದ್ದಾರೆ ಎಂಬ ಭರವಸೆ ಕೊಡೆಯ ಹಾಗೆ. ಸಾವು, ಸಾಲ, ಕಾಯಿಲೆಗಳ ಮಳೆ ಸುರಿದಾಗ ಅದರ ಬೆಲೆ ತಿಳಿಯುತ್ತದೆ. ಕೊಡೆಯನ್ನು ಬಿಚ್ಚದಿದ್ದರೂ ಮನೆಯಲ್ಲಿ ಇದೆಯೆಂಬ ಧೈರ್ಯವೇ ಅರ್ಧ ರಕ್ಷಣೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಒಂಟಿತನದಿಂದ ಮನಸ್ಸು ಕುಗ್ಗುತ್ತದೆಯೋ, ಮನಸ್ಸು ಕುಗ್ಗಿದವರು ತಾವೇ ಜನರಿಂದ ದೂರ ಸರಿಯುತ್ತಾರೆಯೋ? ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಈ ಪ್ರಶ್ನೆ ನ್ಯಾಯವಾದದ್ದೇ. ಎರಡೂ ನಡೆಯುತ್ತವೆ, ಒಂದು ಇನ್ನೊಂದನ್ನು ಬೆಳೆಸುತ್ತದೆ ಎಂಬುದು ಉತ್ತರ. ಹೀಗಿರುವುದರಿಂದ ಯಾವುದಾದರೂ ಒಂದು ಕಡೆ ಈ ಚಕ್ರವನ್ನು ತಡೆದು ನೋಡುವ ಪ್ರಯೋಗ ಬೇಕಾಗುತ್ತದೆ. ಅದರ ಮಾತಿಗೆ ಮುನ್ನ ಬೇನೆಯ ಸ್ವರೂಪವನ್ನು ತಿಳಿದುಕೊಳ್ಳೋಣ.

೫. ಕಣ್ಣಿಗೆ ಬೀಳದ ಬೇನೆ

ಮುಪ್ಪಿನ ಮನೋರೋಗಗಳನ್ನು ಕುರಿತು ದಕ್ಷಿಣ ಭಾರತದಲ್ಲಿ ಮೊದಲಿಗೆ ಗಂಭೀರವಾಗಿ ಕೆಲಸ ಮಾಡಿದವರಲ್ಲಿ ಮಧುರೆಯ ಡಾಕ್ಟರ್ ಎ. ವೆಂಕೋಬರಾವ್ ಅಗ್ರಗಣ್ಯರು. ೧೯೮೨ರಲ್ಲಿ ಅವರೂ ಅವರ ಸಹೋದ್ಯೋಗಿ ಮಾಧವನ್ ಅವರೂ ಮಧುರೆಯ ಸಮೀಪದ ಊರೊಂದರ ಸಮೀಕ್ಷೆಯನ್ನು ಪ್ರಕಟಿಸಿದರು. ಅರವತ್ತು ದಾಟಿದ ಸಾವಿರ ಜನರಲ್ಲಿ ಸುಮಾರು ೮೯ ಮಂದಿಗೆ ಚಿಕಿತ್ಸೆ ಬೇಕಾದಂಥ ಮಾನಸಿಕ ತೊಂದರೆಯಿತ್ತು. ಅದರಲ್ಲಿ ಹೆಚ್ಚಿನ ಪಾಲು ಖಿನ್ನತೆ. ಮೇಲೆ ಹೇಳಿದ ಲಾಸಿ ವರದಿಯಲ್ಲಿ, ಶಾಸ್ತ್ರೀಯವಾದ ಪ್ರಶ್ನಾವಳಿಯಿಂದ ಅಳೆದಾಗ, ಹಿರಿಯರಲ್ಲಿ ನೂರಕ್ಕೆ ೮.೩ ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದುವು. ‘ವೈದ್ಯರು ನಿಮಗೆ ಈ ರೋಗವಿದೆಯೆಂದು ಹೇಳಿದ್ದಾರೆಯೇ?’ ಎಂದು ಕೇಳಿದಾಗ ಹೌದೆಂದವರು ನೂರಕ್ಕೆ ೦.೮ ಮಾತ್ರ. ಇರುವ ರೋಗಕ್ಕೂ ಗುರುತಿಸಿದ ರೋಗಕ್ಕೂ ಹತ್ತು ಪಟ್ಟು ಅಂತರ!

ಈ ಅಂಕಿಗಳನ್ನು ಒಂದು ಊರಿಗೆ ಇಳಿಸಿ ನೋಡೋಣ. ಮೂರು ಸಾವಿರ ಜನರಿರುವ ಹಳ್ಳಿಯಲ್ಲಿ ಹಿರಿಯರು ಸುಮಾರು ೨೮೫. ದೇಶದ ಸರಾಸರಿಯಂತೆ ಅವರಲ್ಲಿ ೨೩–೨೪ ಮಂದಿಗೆ ಖಿನ್ನತೆಯಿರುತ್ತದೆ. ವೈದ್ಯರ ಕಣ್ಣಿಗೆ ಬಿದ್ದಿರುವವರು ಇಬ್ಬರು. ಉಳಿದವರು ಅದೇ ಹಳ್ಳಿಯಲ್ಲಿ, ಅದೇ ಜಗಲಿಯ ಮೇಲೆ, ಎಲ್ಲರೂ ನೋಡುತ್ತಿರುವಂತೆಯೇ ಕುಳಿತಿರುತ್ತಾರೆ.

ಏಕೆ ಹೀಗೆ? ಮೊದಲನೆಯದಾಗಿ, ನಮ್ಮ ಹಿರಿಯರು ‘ಖಿನ್ನತೆ’ ಎಂಬ ಮಾತನ್ನು ಬಳಸುವುದಿಲ್ಲ. ಮೈ ಭಾರ, ಎದೆ ಡವಡವ, ಕೈಕಾಲು ಸೆಳೆತ, ಬಾಯಿಗೆ ರುಚಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ದೇವರು ಕರೆದುಕೊಂಡರೆ ಸಾಕು ಎಂದು ಹೇಳುತ್ತಾರೆ. ವೈದ್ಯರು ಮೈಗೆ ಮದ್ದು ಕೊಡುತ್ತಾರೆ. ಮನೆಯವರು ಕೊನೆಯ ಮಾತನ್ನು ವೈರಾಗ್ಯವೆಂದು ತಿಳಿಯುತ್ತಾರೆ. ಎರಡನೆಯದಾಗಿ, ಖಿನ್ನತೆ ಕೆಲವೊಮ್ಮೆ ಮರೆವಿನ ವೇಷದಲ್ಲಿ ಬರುತ್ತದೆ. ಗಮನವಿಲ್ಲದ ಮನಸ್ಸು ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅದನ್ನು ಡಿಮೆನ್ಷಿಯ ಎಂಬ ಮರೆವಿನ ರೋಗವೆಂದು ಬಗೆದು ಕೈಬಿಡುವುದುಂಟು. ಆದರೆ ಖಿನ್ನತೆಗೆ ಒಳ್ಳೆಯ ಚಿಕಿತ್ಸೆಯಿದೆ. ಅದು ಗುಣವಾದರೆ ಇಂಥ ಮರೆವೂ ಬಹುಮಟ್ಟಿಗೆ ಸರಿಹೋಗುತ್ತದೆ. ಮೂರನೆಯದಾಗಿ, ಕಿವಿ ಮಂದವಾದವರು, ಕಣ್ಣಿಗೆ ಪೊರೆ ಬಂದವರು ಮಾತುಕತೆಯಿಂದ ತಾವೇ ಹಿಂದೆ ಸರಿಯುತ್ತಾರೆ. ೨೦೨೪ರ ಲ್ಯಾನ್ಸೆಟ್ ಆಯೋಗವು ಡಿಮೆನ್ಷಿಯಕ್ಕೆ ಹಾದಿಮಾಡುವ, ಆದರೆ ತಡೆಯಬಹುದಾದ ೧೪ ಕಾರಣಗಳನ್ನು ಹೆಸರಿಸಿತು. ಕಿವುಡು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಖಿನ್ನತೆ, ಜನಸಂಪರ್ಕವಿಲ್ಲದಿರುವುದು, ಈ ನಾಲ್ಕೂ ಆ ಪಟ್ಟಿಯಲ್ಲಿವೆ. ಒಂದು ಜೊತೆ ಕನ್ನಡಕವೂ ಒಂದು ಶ್ರವಣಯಂತ್ರವೂ ಮನಸ್ಸಿನ ಮದ್ದುಗಳೆಂದು ಇದರಿಂದ ತಿಳಿಯುತ್ತದೆ.

ಹಿರಿಯರ ಖಿನ್ನತೆಯನ್ನು ಗುರುತಿಸಲು ಅಮೆರಿಕದ ಯೆಸವೇಜ್ ಮತ್ತು ಅವರ ಸಂಗಡಿಗರು ೧೯೮೩ರಲ್ಲಿ ಮೂವತ್ತು ಪ್ರಶ್ನೆಗಳ ಅಳತೆಗೋಲೊಂದನ್ನು ಪ್ರಕಟಿಸಿದರು. ಆಮೇಲೆ ಹದಿನೈದು ಪ್ರಶ್ನೆಗಳ ಚಿಕ್ಕ ರೂಪವೂ ಬಂದಿತು. ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. ನೋವು, ನಿಶ್ಶಕ್ತಿಗಳಂತಹ ಮೈಯ ತೊಂದರೆಗಳು ಮುಪ್ಪಿನಲ್ಲಿ ಹೇಗೂ ಇರುವುದರಿಂದ, ಅವುಗಳ ಬದಲು ಮನಸ್ಸಿನ ಸ್ಥಿತಿಯನ್ನೇ ಆ ಪ್ರಶ್ನೆಗಳು ವಿಚಾರಿಸುತ್ತವೆ. ಇಂಥ ಅಳತೆಗೋಲು ರೋಗದ ತೀರ್ಪು ಕೊಡುವುದಿಲ್ಲ. ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕೆಂದು ತೋರಿಸುತ್ತದೆ.

೬. ಗೋವೆಯಲ್ಲಿ ನಡೆದ ಪ್ರಯೋಗ

ಗುರುತಿಸಿದರೂ ಚಿಕಿತ್ಸೆ ನೀಡುವವರೆಲ್ಲಿದ್ದಾರೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ ಆತಂಕಗಳಂತಹ ಸಾಮಾನ್ಯ ಮಾನಸಿಕ ತೊಂದರೆಯುಳ್ಳ ನೂರು ಜನರಲ್ಲಿ ಸುಮಾರು ೮೫ ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಮನೋವೈದ್ಯರು ಹಳ್ಳಿಹಳ್ಳಿಗೂ ಬರುವವರೆಗೆ ಕಾಯುವುದು ಆಗದ ಮಾತು. ಈ ಕಾರಣದಿಂದ ನಮ್ಮ ನೆರೆಯ ಗೋವೆಯಲ್ಲಿ ನಡೆದ ಒಂದು ಪ್ರಯೋಗ ನಮಗೆ ಬಹಳ ಮುಖ್ಯ.

ಗೋವೆಯ ಗ್ರಾಮ ಮತ್ತು ನಗರ ಚಿಕಿತ್ಸಾಲಯಗಳಿಗೆ ಬರುತ್ತಿದ್ದವರಲ್ಲಿ, ಅರವತ್ತು ದಾಟಿದ, ಪೂರ್ಣ ಖಿನ್ನತೆಗೆ ಇನ್ನೂ ಒಳಗಾಗದ, ಆದರೆ ಅದರ ಅಂಚಿನಲ್ಲಿದ್ದ ೧೮೧ ಮಂದಿಯನ್ನು ಆರಿಸಲಾಯಿತು. ಅವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರೊಂದಿಗೆ, ತರಬೇತಿ ಪಡೆದ ಸಾಮಾನ್ಯ ಜನರಿಂದ ಸಲಹೆ. ಈ ಸಲಹೆಗಾರರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಅವರು ಮಾಡಿದ ಕೆಲಸ ನಾಲ್ಕು: ಮುಂದಿರುವ ಸಮಸ್ಯೆಯನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಿಕೊಳ್ಳಲು ಕಲಿಸುವುದು, ನಿದ್ದೆಯ ಕ್ರಮವನ್ನು ಸರಿಪಡಿಸುವುದು, ಸಕ್ಕರೆ ಕಾಯಿಲೆ ಮೊದಲಾದುವುಗಳಲ್ಲಿ ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳಲು ತಿಳಿಸುವುದು, ಸಲ್ಲಬೇಕಾದ ವೈದ್ಯಕೀಯ ಮತ್ತು ಸಾಮಾಜಿಕ ಸೌಲಭ್ಯಗಳನ್ನು ಪಡೆಯಲು ನೆರವಾಗುವುದು. ಒಂದು ವರ್ಷದೊಳಗೆ, ಎಂದಿನ ಚಿಕಿತ್ಸೆಯ ೯೦ ಮಂದಿಯಲ್ಲಿ ೧೩ ಜನರಿಗೆ ತೀವ್ರ ಖಿನ್ನತೆ ಬಂದಿತು. ಸಲಹೆ ಪಡೆದ ೯೧ ಮಂದಿಯಲ್ಲಿ ೪ ಜನರಿಗೆ ಮಾತ್ರ. ಈ ಫಲಿತಾಂಶ ೨೦೧೯ರಲ್ಲಿ ಪ್ರಕಟವಾಯಿತು.

೧೮೧ ಮಂದಿಯ ಪ್ರಯೋಗ ದೊಡ್ಡದೇನೂ ಅಲ್ಲ. ಒಂದರಿಂದಲೇ ಸಿದ್ಧಾಂತ ಕಟ್ಟಬಾರದು. ಆದರೆ ಅದರ ನಾಲ್ಕನೆಯ ಅಂಗವನ್ನು ಗಮನಿಸಿ. ಸೌಲಭ್ಯ ದೊರಕಿಸಿಕೊಡುವುದನ್ನು ಇಲ್ಲಿ ಮನಸ್ಸಿನ ಚಿಕಿತ್ಸೆಯ ಭಾಗವಾಗಿಯೇ ಎಣಿಸಿದ್ದಾರೆ. ಮೂರು ತಿಂಗಳಿಂದ ಪಿಂಚಣಿ ಬಾರದೆ ಕಂಗಾಲಾದ ಅಜ್ಜಿಗೆ ‘ಚಿಂತೆ ಮಾಡಬೇಡಿ’ ಎಂದು ಹೇಳಿದರೆ ಪ್ರಯೋಜನವಿಲ್ಲ; ಅವರೊಡನೆ ನಾಡಕಚೇರಿಗೆ ಹೋಗಿ ಬಂದರೆ ಅದು ಮಾತೂ ಹೌದು, ಮದ್ದೂ ಹೌದು. ಆಸರೆ, ಮನಸ್ಸು, ಸೇವೆ ಒಂದೇ ಗಂಟಿನ ಎಳೆಗಳೆಂದು ಮೊದಲಲ್ಲಿ ಹೇಳಿದುದರ ಅರ್ಥ ಇದೇ.

೭. ಪಡೆಯುವ ಕೈ, ಕೊಡುವ ಕೈ

ಈಗ ‘ಪರಸ್ಪರ’ ಎಂಬ ಪದಕ್ಕೆ ಬರೋಣ. ಹಿರಿಯರಿಗೆ ಏನು ಕೊಡಬೇಕು ಎಂದೇ ನಾವು ಯಾವಾಗಲೂ ಯೋಚಿಸುತ್ತೇವೆ. ಅವರಿಂದ ಏನು ಪಡೆಯಬಹುದೆಂದು ಯೋಚಿಸುವುದಿಲ್ಲ. ಅಮೆರಿಕದಲ್ಲಿ ೪೨೩ ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು ೨೦೦೩ರಲ್ಲಿ ಪ್ರಕಟವಾಯಿತು. ನೆರೆಹೊರೆಗೂ ಬಂಧುಗಳಿಗೂ ಕೈಲಾದ ನೆರವು ನೀಡುತ್ತಿದ್ದವರು, ಬಾಳಸಂಗಾತಿಗೆ ಮನಸ್ಸಿನ ಆಸರೆಯಾಗಿದ್ದವರು ಆ ಅವಧಿಯಲ್ಲಿ ಸಾಯುವ ಸಂಭವ ಕಡಿಮೆಯಿತ್ತು. ಆರೋಗ್ಯವಂತರೇ ನೆರವು ನೀಡಬಲ್ಲರಷ್ಟೆ ಎಂಬ ಸಂದೇಹಕ್ಕಾಗಿ ಅವರ ಮೊದಲಿನ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ನೆರವನ್ನು ಕೇವಲ ಪಡೆಯುತ್ತಿದ್ದುದರಿಂದ ಇಂಥ ಲಾಭ ಕಾಣಲಿಲ್ಲ.

ಇದನ್ನು ಇನ್ನೂ ಮುಂದಕ್ಕೆ ಒಯ್ದವರು ಆಫ್ರಿಕದ ಜಿಂಬಾಬ್ವೆ ದೇಶದ ಮನೋವೈದ್ಯ ಡಿಕ್ಸನ್ ಚಿಬಾಂಡ. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಆ ದೇಶದ ರಾಜಧಾನಿ ಹರಾರೆಯಲ್ಲಿ ಅವರು ೨೦೦೬ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಚಿಕಿತ್ಸಾಲಯದ ಹೊರಗೆ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ. ಪಕ್ಕದಲ್ಲಿ ಮನಸ್ಸು ನೊಂದವರು. ‘ಸ್ನೇಹದ ಬೆಂಚು’ ಎಂದೇ ಇದು ಪ್ರಸಿದ್ಧವಾಯಿತು. ೫೭೩ ಮಂದಿ ರೋಗಿಗಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೆಂಚಿನ ಸಲಹೆ ಪಡೆದವರಲ್ಲಿ ಆರು ತಿಂಗಳ ತರುವಾಯ ಖಿನ್ನತೆಯ ಲಕ್ಷಣ ಉಳಿದದ್ದು ನೂರಕ್ಕೆ ೧೩.೭ ಮಂದಿಯಲ್ಲಿ, ಉಳಿದವರಲ್ಲಿ ೪೯.೯. ಇಲ್ಲಿ ಚಿಕಿತ್ಸೆ ಪಡೆದವರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನವರು. ಚಿಕಿತ್ಸೆ ಕೊಟ್ಟವರು ಹಿರಿಯರು. ಮುಪ್ಪು ಸಮಾಜಕ್ಕೆ ಹೊರೆಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಒಂದು ಅನ್ಯಾಯ ನಡೆಯುತ್ತದೆ. ‘ನೀವು ಸುಮ್ಮನೆ ಕೂತಿರಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳಿ ಅಜ್ಜಿಯ ಕೈಯಿಂದ ಮೊರವನ್ನೂ ತಾತನ ಕೈಯಿಂದ ಲೆಕ್ಕದ ಪುಸ್ತಕವನ್ನೂ ತೆಗೆದುಕೊಳ್ಳುತ್ತೇವೆ. ಮೈಗೆ ವಿಶ್ರಾಂತಿ ದೊರೆಯುತ್ತದೆ. ತಾನು ಯಾರಿಗೂ ಬೇಡವೆಂಬ ಭಾವ ಅಂದಿನಿಂದಲೇ ಮೊಳೆಯುತ್ತದೆ. ಕೈಲಾಗುವ ಕೆಲಸವನ್ನು ಕೈಯಲ್ಲಿ ಉಳಿಸುವುದೂ ಒಂದು ಆಸರೆಯೇ. ಆದರೆ ಸೊಸೆಯೂ ಕೂಲಿಗೆ ಹೋಗುವ ಮನೆಯಲ್ಲಿ ಎಪ್ಪತ್ತರ ಅಜ್ಜಿಯ ಮೇಲೆ ಇಡೀ ಮನೆಗೆಲಸವನ್ನೂ ಎರಡು ಕೂಸುಗಳನ್ನೂ ಹೊರಿಸುವುದನ್ನು ಈ ಮಾತಿನಿಂದ ಸಮರ್ಥಿಸಬಾರದು. ಇಷ್ಟಪಟ್ಟು ಕೊಡುವುದೇ ಬೇರೆ, ಗತಿಯಿಲ್ಲದೆ ಮಾಡುವುದೇ ಬೇರೆ.

೮. ಇರುವ ಸೇವೆಗಳು, ಬೇಕಾದ ಸೇವೆಗಳು

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. ೧೯೯೯ರಲ್ಲಿ ಹಿರಿಯರ ಬಗ್ಗೆ ರಾಷ್ಟ್ರೀಯ ನೀತಿ ರೂಪುಗೊಂಡಿತು. ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ಅದರಂತೆ ನಿರ್ಲಕ್ಷಿತ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಲಿಗೆ ದೂರು ಕೊಟ್ಟು ಮಕ್ಕಳಿಂದ ಜೀವನಾಂಶ ಪಡೆಯಬಹುದು. ಅದೇ ವರ್ಷ ಕರ್ನಾಟಕದಲ್ಲಿ ೬೫ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾಯಿತು. ೨೦೨೧ರಲ್ಲಿ ಅದರ ಮಾಸಾಶನವನ್ನು ೧,೨೦೦ ರೂಪಾಯಿಗೆ ಏರಿಸಲಾಯಿತು. ೨೦೧೦ರಲ್ಲಿ ಮಂಜೂರಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಂತೆ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆ ಇರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ದೊರೆಯುವಂತೆ ಮಾಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ನಮ್ಮ ರಾಜ್ಯ ೨೦೧೪ರಲ್ಲಿ ಕೈಗೊಂಡಿತು. ೨೦೨೧ರಲ್ಲಿ ಹಿರಿಯರಿಗಾಗಿ ೧೪೫೬೭ ಎಂಬ ದೂರವಾಣಿ, ೨೦೨೨ರಲ್ಲಿ ಮನಸ್ಸಿನ ತೊಂದರೆಗಳಿಗಾಗಿ ‘ಟೆಲಿ ಮಾನಸ್’ ಎಂಬ ೧೪೪೧೬ ದೂರವಾಣಿ ದೇಶದಲ್ಲಿ ಜಾರಿಗೆ ಬಂದುವು.

ಇಷ್ಟಿದ್ದೂ ಕೊರತೆ ಎಲ್ಲಿದೆ? ಸೇವೆಗೂ ಹಿರಿಯರಿಗೂ ನಡುವಣ ಕೊನೆಯ ಒಂದು ಮೈಲಿಯಲ್ಲಿದೆ. ಮಂಗಳವಾರ ಮನೋವೈದ್ಯರು ಬರುತ್ತಾರೆಂಬುದು ಅಜ್ಜಿಗೆ ತಿಳಿಯದು. ತಿಳಿದರೂ ಬಸ್ಸು ಹತ್ತಿಸಿ ಕರೆದೊಯ್ಯಲು ಒಬ್ಬರು ಕೂಲಿ ಬಿಡಬೇಕು. ದುಡಿದು ದುಡಿದು ಬೆರಳಿನ ಗೆರೆ ಸವೆದಿರುವುದರಿಂದ ಗುರುತಿನ ಯಂತ್ರ ಅವರನ್ನು ಒಪ್ಪದು. ಕಾಯಿದೆ ಜೀವನಾಂಶ ಕೊಡಿಸಬಲ್ಲದು, ಮಾತನಾಡಿಸಲಾರದು. ಮೇಲಾಗಿ ಮಗನ ಮೇಲೆ ದೂರು ಕೊಡಲು ಎಷ್ಟು ತಾಯಂದಿರಿಗೆ ಮನಸ್ಸು ಬಂದೀತು? ಆದ್ದರಿಂದ ಹೊಸ ಹೊಸ ಯೋಜನೆಗಳಿಗಿಂತಲೂ ಮನೆಬಾಗಿಲಿಗೆ ಹೋಗಿ ಬರುವ ಒಬ್ಬ ಮನುಷ್ಯನ ಆವಶ್ಯಕತೆ ಹೆಚ್ಚಾಗಿದೆ. ಗರ್ಭಿಣಿಯರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಂತೆ ಹಿರಿಯರ ಮನೆಗೂ ಹೋಗಿ ಹದಿನೈದು ಪ್ರಶ್ನೆಗಳನ್ನು ಕೇಳುವವರು, ತಕ್ಕ ವೇತನ ಪಡೆದು, ಪ್ರತಿ ಪಂಚಾಯಿತಿಗೆ ಒಬ್ಬಿಬ್ಬರಾದರೂ ಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ ಮಗಳಂದಿರಿಗೆ ವಾರಕ್ಕೊಂದು ಹೊತ್ತಾದರೂ ಬಿಡುವು ಕೊಡುವ ಏರ್ಪಾಟೂ ಬೇಕು. ಆಸರೆ ಕೊಡುವವರು ಕುಸಿದರೆ ಆಸರೆಯೂ ಕುಸಿಯುತ್ತದೆ.

೯. ವಿದ್ಯಾರ್ಥಿಗಳ ಪಾಲು

ಈ ಸಂಚಿಕೆಯನ್ನು ಓದುವ ಸಹಪಾಠಿಗಳಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದವರು. ನಾಳೆ ಉದ್ಯೋಗ ಹಿಡಿದು ಹೋಗುವವರೂ ನಾವೇ, ಹಿಂದೆ ಉಳಿಯುವ ಹಿರಿಯರೂ ನಮ್ಮವರೇ. ಈ ಶಾಸ್ತ್ರ ನಮಗೆ ಪರೀಕ್ಷೆಯ ಪಾಠ ಮಾತ್ರವಾಗಿ ಉಳಿಯಬಾರದು. ಅಕ್ಟೋಬರ್ ಒಂದನೆಯ ತಾರೀಖು ಹಿರಿಯರ ದಿನವೆಂದು ಅವರಿಗೆ ಶಾಲು ಹೊದಿಸಿ ಹಾರ ಹಾಕುವುದು ಒಳ್ಳೆಯದೇ. ಆದರೆ ಉಳಿದ ೩೬೪ ದಿನಗಳ ಚಳಿಗೆ ಆ ಶಾಲು ಸಾಲದು.

ರಾಷ್ಟ್ರೀಯ ಸೇವಾ ಯೋಜನೆಯ ನಮ್ಮ ಶಿಬಿರಗಳಲ್ಲಿ ರಸ್ತೆ ಗುಡಿಸಿ ಗಿಡ ನೆಡುವುದರ ಜೊತೆಗೆ ಒಂದು ಕೆಲಸವನ್ನು ಸೇರಿಸಬಹುದು. ಶಿಬಿರದ ಊರಿನ ಹಿರಿಯರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ, ಅವರು ಒಪ್ಪಿದರೆ ಮೂರು ಸಂಗತಿ ವಿಚಾರಿಸುವುದು: ಮನಸ್ಸಿನ ಮಾತು ಹೇಳಿಕೊಳ್ಳಲು ಯಾರಿದ್ದಾರೆ? ಯಾವ ಸೌಲಭ್ಯ ಸಲ್ಲಬೇಕಾಗಿದ್ದು ಸಲ್ಲದೆ ನಿಂತಿದೆ? ನಿಮ್ಮಿಂದ ನಾವು ಏನನ್ನು ಕಲಿಯಬಹುದು? ಮೊದಲನೆಯದು ಮನಸ್ಸಿನ ಆಸರೆಯನ್ನೂ, ಎರಡನೆಯದು ಸೇವೆಯನ್ನೂ, ಮೂರನೆಯದು ಪರಸ್ಪರ ಸಂಬಂಧವನ್ನೂ ಕುರಿತದ್ದು. ಹೇಳಿಕೊಂಡದ್ದನ್ನು ಊರಿನಲ್ಲಿ ಹರಡದಿರುವುದು ಈ ಕೆಲಸದ ಮೊದಲ ನಿಯಮ. ಬದುಕು ಸಾಕೆಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದನ್ನು ವೈರಾಗ್ಯವೆಂದು ತಳ್ಳಿಹಾಕದೆ, ಅಂದೇ ಅಧ್ಯಾಪಕರಿಗೂ ಆರೋಗ್ಯ ಕೇಂದ್ರದ ವೈದ್ಯರಿಗೂ ತಿಳಿಸುವುದು ಎರಡನೆಯ ನಿಯಮ. ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರ ವಿಭಾಗಗಳ ಅಧ್ಯಾಪಕರು ಮಾರ್ಗದರ್ಶನ ನೀಡಿದರೆ ಇದೇ ನಮ್ಮ ತಾಲ್ಲೂಕಿನ ಹಿರಿಯರ ಬಗ್ಗೆ ಒಂದು ಉಪಯುಕ್ತ ಅಧ್ಯಯನವೂ ಆದೀತು.

ಮುಪ್ಪು ರೋಗವಲ್ಲ, ಮುಪ್ಪಿನಲ್ಲಿ ಬರುವ ಖಿನ್ನತೆ ರೋಗ, ಅದಕ್ಕೆ ಮದ್ದಿದೆ. ಆ ಮದ್ದಿನಲ್ಲಿ ಮಾತ್ರೆಯ ಪಾಲನ್ನು ವೈದ್ಯರು ಕೊಡುತ್ತಾರೆ, ಪಿಂಚಣಿಯ ಪಾಲನ್ನು ಸರ್ಕಾರ ಕೊಡುತ್ತದೆ. ಉಳಿದ ಪಾಲು ಮನೆಯಲ್ಲಿಯೂ ನೆರೆಯಲ್ಲಿಯೂ ಇರುವ ನಮ್ಮದು. ‘ಅರಳುಮರಳು’ ಎಂದು ಹೇಳುವ ಮೊದಲು ಹತ್ತಿರ ಕುಳಿತು ‘ಏನಾಗಿದೆ?’ ಎಂದು ಕೇಳುವ ಅಭ್ಯಾಸ ನಮಗೆ ಬಂದರೆ ಈ ದಾರಿಯಲ್ಲಿ ಮೊದಲ ಹೆಜ್ಜೆಯನ್ನಿಟ್ಟಂತೆ.